‘ಗಿಫ್ಟ್’ ಅಂತ ಬರೆದರೆ ಸುಂಕ ತಪ್ಪುತ್ತದೆಯೇ? ಹೊರದೇಶದಿಂದ ಮನೆಗೆ ಪಾರ್ಸೆಲ್ ಕಳಿಸುವ ಮುಂಚೆ

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ. ನಾನು, ನಮ್ಮ ಯಜಮಾನರು ಮ್ಯಾಂಚೆಸ್ಟರ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಮೂರು ತಿಂಗಳು ಇರುತ್ತೇವೆ. ನಡುವೆ ಒಂದು ವಾರ ಇಟಲಿ ನೋಡುವುದಿದೆ. ವೆನಿಸ್‌ನಲ್ಲಿ ಗಾಜಿನ ದೀಪ ಕೊಳ್ಳಬೇಕೆಂಬುದು ಬಹಳ ದಿನದ ಆಸೆ. ಅತ್ತೆಯವರಿಗೆ ಎರಡು ಉಣ್ಣೆಯ ರಗ್ಗು, ಬೀಗರು ಬಿಜ್ಜರಿಗೆ ಹನ್ನೆರಡು ಸ್ಕಾರ್ಫ್, ಕೆಲವು ಸೆಂಟಿನ ಬಾಟಲಿ, ಗದಗಿನಲ್ಲಿ ಮದುವೆಯಾಗುವ ತಮ್ಮನ ಮಗನಿಗೆ ಆಯೇರಿಯಾಗಿ ಒಂದು ಮೊಬೈಲ್ ಒಯ್ಯಬೇಕು. ಮೊಮ್ಮಗನ ಹಳೆಯ ಆಟಿಕೆ ಇಲ್ಲಿಯ ಮಕ್ಕಳಿಗೆ ಬೇಕು. ಗುಲಾಬಿ ಕಡ್ಡಿ, ಹೂವಿನ ಬೀಜ ನನಗೆ ಬೇಕು. ಎಲ್ಲ ಸೂಟ್‌ಕೇಸಿನಲ್ಲಿ ಹಿಡಿಯುವುದಿಲ್ಲ, ಪಾರ್ಸೆಲ್ ಮಾಡಬೇಕು. ಒಬ್ಬರು ‘ಗಿಫ್ಟ್ ಅಂತ ಬರೆಯಿರಿ, ಸುಂಕ ಇಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಐದು ಸಾವಿರದೊಳಗೆ ಬೆಲೆ ಹಾಕಿ’ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಒಬ್ಬರಿಗೆ ಕಸ್ಟಮ್ಸ್ ಅಧಿಕಾರಿ ಎಂದು ಫೋನ್ ಬಂದು ದುಡ್ಡು ಹೋಯಿತು. ಮನೆಯಲ್ಲಿ ಅತ್ತೆಯವರೊಬ್ಬರೇ ಇರುತ್ತಾರೆ. ಏನು ಮಾಡಲಿ?

ಉತ್ತರ: ಹೊರಡುವ ಮುಂಚೆಯೇ ಕೇಳಿದ್ದೀರಿ, ಅದೇ ದೊಡ್ಡ ಅನುಕೂಲ. ಹುಬ್ಬಳ್ಳಿಯಲ್ಲಿ ಕೂತು ಹೊರದೇಶದ ಪಾರ್ಸೆಲ್ ಬಿಡಿಸುವ ಕೆಲಸ ಮಾಡುವ ನನ್ನ ಹತ್ತಿರ ಜನ ಬರುವುದು ಸಾಮಾನ್ಯವಾಗಿ ಡಬ್ಬಿ ಸಿಕ್ಕಿಹಾಕಿಕೊಂಡ ಮೇಲೆ. ಆಗ ಮಾಡಲಿಕ್ಕೆ ಉಳಿಯುವುದು ಬಹಳ ಕಡಿಮೆ.

ನಿಮ್ಮ ಚಿಂತೆಯಲ್ಲಿ ಮೂರು ವಿಷಯ ಕೂಡಿಕೊಂಡಿವೆ. ಸುಂಕ ಎಷ್ಟು ಬೀಳುತ್ತದೆ, ಸಾಮಾನು ಒಡೆಯದೆ ಬರುತ್ತದೆಯೇ, ಮೋಸ ಆಗುವುದಿಲ್ಲವೇ. ಮೂರಕ್ಕೂ ಡಬ್ಬಿಯ ಮೇಲೆ ಅಂಟಿಸುವ ಆ ಒಂದು ಕಸ್ಟಮ್ಸ್ ಕಾಗದದ ಜೊತೆ ಸಂಬಂಧ ಇದೆ. ಅದರಲ್ಲಿ ಏನು ಬರೆಯುತ್ತೀರೋ ಅದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಹಾಗಾಗಿ ಮೊದಲು ಗಿಫ್ಟ್ ಮಾತು ನೋಡೋಣ.

ನಿಮಗೆ ಹೇಳಿದವರು ಸುಳ್ಳು ಹೇಳಿಲ್ಲ, ಹಳೆಯ ಮಾತು ಹೇಳಿದ್ದಾರೆ. ಹಿಂದೆ ಹೊರದೇಶದಿಂದ ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ಉಡುಗೊರೆಗೆ ಒಂದು ಮಿತಿಯವರೆಗೆ ಸುಂಕ ಇರಲಿಲ್ಲ. ಕೊನೆಗೆ ಆ ಮಿತಿ 5,000 ರೂಪಾಯಿ ಇತ್ತು. ಆನ್‌ಲೈನ್ ಮಾರಾಟದವರು ಇದನ್ನು ದುರುಪಯೋಗ ಮಾಡಿಕೊಂಡರು. ಗಿರಾಕಿ ದುಡ್ಡು ಕೊಟ್ಟು ತರಿಸಿದ ಸಾಮಾನಿನ ಮೇಲೆ ‘ಗಿಫ್ಟ್’ ಅಂತ ಬರೆದು ಕಳಿಸತೊಡಗಿದರು. ಅದಕ್ಕೇ 2019ರ ಡಿಸೆಂಬರ್‌ನಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ನಿಯಮ ಬದಲಿಸಿತು. ಗಿಫ್ಟ್ ಅನ್ನುವ ಕಾರಣಕ್ಕೆ ಸಿಗುತ್ತಿದ್ದ ರಿಯಾಯಿತಿ ಅಲ್ಲಿಗೆ ಮುಗಿಯಿತು. ಜೀವ ಉಳಿಸುವ ಔಷಧಿ ಮತ್ತು ರಾಖಿ, ಇವೆರಡನ್ನು ಮಾತ್ರ ಹೊರಗಿಟ್ಟರು. ರಾಖಿ ಜೊತೆ ಕಳಿಸುವ ಬೇರೆ ಉಡುಗೊರೆಗೂ ವಿನಾಯಿತಿ ಇಲ್ಲ.

ಇದರ ಅರ್ಥ ಗಿಫ್ಟ್ ಕಳಿಸಲೇಬಾರದು ಎಂದಲ್ಲ. ಪೂರ್ತಿ ಸುಂಕ ಕೊಟ್ಟರೆ ಕಳಿಸಬಹುದು. ಫಾರಂನಲ್ಲಿ ‘ಗಿಫ್ಟ್’ ಅಂತ ಗುರುತು ಹಾಕುವುದೂ ತಪ್ಪಲ್ಲ, ಉಡುಗೊರೆಯೇ ಆಗಿದ್ದರೆ ಹಾಗೇ ಬರೆಯಿರಿ. ಅದರಿಂದ ಸುಂಕ ಕಡಿಮೆ ಆಗುವುದಿಲ್ಲ ಅಷ್ಟೇ. ಲೆಕ್ಕ ಹಾಕಿದಾಗ ಸುಂಕ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ವಸೂಲಿ ಮಾಡುವುದಿಲ್ಲ. ಒಂದು ಸ್ಕಾರ್ಫ್ ಸುಮ್ನೆ ಮನೆಗೆ ಬಂದುಬಿಟ್ಟಿತು ಎಂದು ಯಾರಾದರೂ ಹೇಳಿದರೆ ಅದಕ್ಕೆ ಇದೂ ಕಾರಣ ಇರಬಹುದು. ಎಲ್ಲ ಡಬ್ಬಿಯನ್ನೂ ತೆಗೆದು ನೋಡುವುದಿಲ್ಲ ಅನ್ನುವುದೂ ನಿಜ. ಆದರೆ ಅವರ ಅದೃಷ್ಟ ನಿಮ್ಮ ಡಬ್ಬಿಗೆ ನಿಯಮ ಆಗುವುದಿಲ್ಲ.

ಈಗ ‘ಬೆಲೆ ಕಡಿಮೆ ಹಾಕಿ’ ಅನ್ನುವ ಸಲಹೆ. ಇದನ್ನು ದಯವಿಟ್ಟು ಕೇಳಬೇಡಿ. ಕಸ್ಟಮ್ಸ್‌ನಲ್ಲಿ ಕೂತವರು ದಿನವಿಡೀ ಇದೇ ಸಾಮಾನು ನೋಡುತ್ತಾರೆ. ಬರೆದ ಬೆಲೆ ನಂಬುವಂತಿಲ್ಲ ಅನಿಸಿದರೆ ಅದನ್ನು ಒಪ್ಪದೆ ತಾವೇ ಬೆಲೆ ನಿಗದಿ ಮಾಡುವ ಅಧಿಕಾರ ಅವರಿಗೆ ಇದೆ. ಅಂಗಡಿಯ ವೆಬ್‌ಸೈಟಿನಲ್ಲಿ ದೀಪದ ಬೆಲೆ ನೋಡಲು ಎಷ್ಟು ಹೊತ್ತು ಬೇಕು? ತಪ್ಪು ಬರೆದದ್ದು ಗೊತ್ತಾದರೆ ಸುಂಕದ ಮೇಲೆ ದಂಡ ಬೀಳುತ್ತದೆ, ಸಾಮಾನು ಜಪ್ತಿಯೂ ಆಗಬಹುದು. ಇನ್ನೊಂದು ನಷ್ಟವನ್ನು ಯಾರೂ ಹೇಳುವುದಿಲ್ಲ. ಇನ್ನೂರು ಪೌಂಡಿನ ದೀಪಕ್ಕೆ ಇಪ್ಪತ್ತು ಪೌಂಡ್ ಅಂತ ಬರೆದಿರಿ, ದಾರಿಯಲ್ಲಿ ಒಡೆಯಿತು. ಪರಿಹಾರ ಕೇಳಲು ಹೋದರೆ ನೀವೇ ಬರೆದ ಇಪ್ಪತ್ತನ್ನು ಅವರು ನಿಮ್ಮ ಮುಂದೆ ಇಡುತ್ತಾರೆ.

ಸುಂಕ ನಿಜವಾಗಿ ಎಷ್ಟು? ಗಿಫ್ಟ್ ಪಾರ್ಸೆಲ್‌ಗೆ 77.28 ಶೇಕಡಾ ಅನ್ನುವ ಅಂಕಿ ನಿಮ್ಮ ಕಿವಿಗೂ ಬಿದ್ದಿರಬಹುದು. ಜಿಎಸ್‌ಟಿ ಬಂದ ನಂತರ ಕೆಲವು ವರ್ಷ ಅದು ನಿಜವೇ ಆಗಿತ್ತು. ಮೂಲ ಸುಂಕ 35 ಶೇಕಡಾ, ಅದರ ಮೇಲೆ ಹತ್ತನೇ ಒಂದು ಭಾಗ ಸೆಸ್, ಎಲ್ಲ ಸೇರಿಸಿ ಅದರ ಮೇಲೆ 28 ಶೇಕಡಾ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಬೀಳುವ ಜಿಎಸ್‌ಟಿ. ಕೂಡಿಸಿದರೆ ಅಷ್ಟೇ ಬರುತ್ತದೆ. ಈಗ ಅಷ್ಟು ಇಲ್ಲ. ಸ್ವಂತ ಬಳಕೆಗೆ ತರಿಸುವ ಸಾಮಾನಿನ ಮೂಲ ಸುಂಕವನ್ನು 20ರಿಂದ 10 ಶೇಕಡಾಕ್ಕೆ ಇಳಿಸುವುದಾಗಿ 2026ರ ಬಜೆಟ್‌ನಲ್ಲಿ ಹೇಳಿದರು. ಐಜಿಎಸ್‌ಟಿ ಅದರ ಮೇಲೆ ಬೇರೆ. ದರ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತದೆ, ಹಾಗಾಗಿ ಕಳಿಸುವ ವಾರ ಒಮ್ಮೆ ಕೊರಿಯರ್‌ನವರನ್ನು ಕೇಳಿಕೊಳ್ಳಿ.

ದರಕ್ಕಿಂತ ಜಾಸ್ತಿ ಜನರಿಗೆ ಹೊಡೆತ ಕೊಡುವುದು ಬೇರೆಯೇ. ಸುಂಕವನ್ನು ಸಾಮಾನಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಬೆಲೆ, ಸಾಗಾಟದ ಖರ್ಚು, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ ಹಾಕುತ್ತಾರೆ. ನಿಮ್ಮ ರಗ್ಗುಗಳನ್ನೇ ತಗೊಳ್ಳಿ. ಎರಡೂ ಸೇರಿ ತೂಕ ನಾಲ್ಕು ಕಿಲೋ ಇರಬಹುದು. ಆದರೆ ಡಬ್ಬಿ 60 ಸೆಂಟಿಮೀಟರ್ ಉದ್ದ, 40 ಅಗಲ, 40 ಎತ್ತರ ಆಯಿತು ಎಂದುಕೊಳ್ಳಿ. ದೊಡ್ಡ ಕೊರಿಯರ್ ಕಂಪನಿಗಳು ಡಬ್ಬಿ ಹಿಡಿಯುವ ಜಾಗವನ್ನೂ ತೂಕವಾಗಿ ಲೆಕ್ಕ ಹಾಕಲು ಈ ಮೂರನ್ನೂ ಗುಣಿಸಿ 5,000ದಿಂದ ಭಾಗಿಸುತ್ತವೆ. ಬರುವುದು 19.2. ಅಂದರೆ ನಾಲ್ಕು ಕಿಲೋ ರಗ್ಗಿಗೆ ಹತ್ತೊಂಬತ್ತು ಕಿಲೋ ಚಿಲ್ಲರೆಯ ಬಾಡಿಗೆ. ಆ ಬಾಡಿಗೆಯ ಮೇಲೂ ಸುಂಕ. ಜೊತೆಗೆ ನಿಮ್ಮ ಪರವಾಗಿ ಸುಂಕ ತುಂಬಿದ್ದಕ್ಕೆ ಕೊರಿಯರ್‌ನವರ ಶುಲ್ಕ. ಇಷ್ಟಾದ ಮೇಲೆ ಆ ರಗ್ಗಿನ ಬೆಲೆ ಏನಾಗುತ್ತದೆ ನೀವೇ ಲೆಕ್ಕ ಹಾಕಿ. ಗಾಳಿ ತೆಗೆಯುವ ಪ್ಲಾಸ್ಟಿಕ್ ಚೀಲ ಸಿಗುತ್ತದೆ, ಅದರಲ್ಲಿ ಹಾಕಿ ಒತ್ತಿದರೆ ಎರಡೂ ರಗ್ಗು ಸೂಟ್‌ಕೇಸಿನ ಒಂದು ಮೂಲೆಯಲ್ಲಿ ಕೂರುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಹೊತ್ತು ತರಲು ಆಗುವುದನ್ನು ಹೊತ್ತೇ ತನ್ನಿ. ಕಾರಣ ಸರಳ. ಪ್ರಯಾಣಿಕರಾಗಿ ಜೊತೆಗೆ ತರುವ ಸಾಮಾನಿಗೆ ಸುಂಕವಿಲ್ಲದ ಮಿತಿ ಇದೆ, ಪಾರ್ಸೆಲ್‌ಗೆ ಇಲ್ಲ. 2016ರ ನಿಯಮದಲ್ಲಿ ಈ ಮಿತಿ ತಲೆಗೆ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಬಂದ ಹೊಸ ಬ್ಯಾಗೇಜ್ ನಿಯಮದಲ್ಲಿ 75,000 ಆಗಿದೆ. ನಿಮ್ಮ ಸ್ವಂತ ಬಟ್ಟೆಬರೆ, ದಿನಬಳಕೆಯ ಸಾಮಾನು ಇದರಲ್ಲಿ ಸೇರುವುದಿಲ್ಲ. ನಿಮಗೆ ಬೇರೆ, ಯಜಮಾನರಿಗೆ ಬೇರೆ. ಆದರೆ ಇಬ್ಬರ ಮಿತಿಯನ್ನು ಒಂದೇ ವಸ್ತುವಿಗೆ ಕೂಡಿಸಲು ಬರುವುದಿಲ್ಲ. ಒಂದು ಲಕ್ಷದ ದೀಪ ತಂದು ‘ಇದು ಇಬ್ಬರದೂ’ ಅಂದರೆ ನಡೆಯುವುದಿಲ್ಲ. ಮಿತಿ ಮೀರಿದರೆ ಮೀರಿದ ಭಾಗಕ್ಕೆ ಮಾತ್ರ ಸುಂಕ. ವಿಮಾನ ನಿಲ್ದಾಣದಲ್ಲಿ ಸುಂಕದ ಸಾಮಾನು ಇದ್ದವರಿಗಾಗಿ ಇರುವ ಕೆಂಪು ಸಾಲಿನಲ್ಲಿ ಹೋಗಿ ಹೇಳಿ, ರಸೀದಿ ತಗೊಳ್ಳಿ. ಹಸಿರು ಸಾಲಿನಲ್ಲಿ ಸುಮ್ಮನೆ ನಡೆದು ಸಿಕ್ಕಿಬಿದ್ದರೆ ಅದು ಬೇರೆಯೇ ಕಥೆ ಆಗುತ್ತದೆ.

ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೊರದೇಶದ ವಿಮಾನ ಬರುವುದಿಲ್ಲ. ಹಾಗಾಗಿ ನಿಮ್ಮ ಕಸ್ಟಮ್ಸ್ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಗೋವಾದಲ್ಲೋ ಆಗುತ್ತದೆ. ಮುಂದೆ ಹುಬ್ಬಳ್ಳಿಗೆ ಅದೇ ಟಿಕೆಟ್ ಇದ್ದರೂ ಸಾಮಾನ್ಯವಾಗಿ ಅಲ್ಲೇ ಸೂಟ್‌ಕೇಸ್ ಇಳಿಸಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಎರಡು ವಿಮಾನದ ನಡುವೆ ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. ದೇಶದೊಳಗಿನ ವಿಮಾನದಲ್ಲಿ ಬೇರೆ ಟಿಕೆಟ್ ಇದ್ದರೆ ಲಗೇಜ್ ಮಿತಿ ಬಹಳ ಕಡಿಮೆ ಇರುತ್ತದೆ, ಅಲ್ಲಿ ಹೆಚ್ಚುವರಿ ದುಡ್ಡು ಹೋಗುತ್ತದೆ. ಮುಂಬೈಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಬಂದರೆ ಆ ತೊಂದರೆ ಇಲ್ಲ. ಎಲ್ಲ ಬಿಲ್ಲು ಕೈಚೀಲದಲ್ಲಿರಲಿ, ಸೂಟ್‌ಕೇಸಿನ ಒಳಗೆ ಬೇಡ. ಇನ್ನೊಂದು ಸೂಟ್‌ಕೇಸ್ ಬೇಕು ಅನಿಸಿದರೆ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಮೊದಲೇ ದುಡ್ಡು ಕಟ್ಟಿ. ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ಅಗ್ಗ. ಹೆಚ್ಚಿನ ಸಲ ಕೊರಿಯರ್‌ಗಿಂತಲೂ ಅಗ್ಗ.

‘ನಾವು ಬಂದ ಮೇಲೆ ಮಗಳು ಲಗೇಜ್ ಅಂತ ಕಳಿಸಲಿ’ ಎಂದು ಕೆಲವರು ಯೋಚಿಸುತ್ತಾರೆ. ಜೊತೆಯಲ್ಲಿ ಬರದ ಲಗೇಜಿಗೆ ನಿಯಮದಲ್ಲಿ ಜಾಗ ಇದೆ. ನೀವು ಭಾರತಕ್ಕೆ ಬಂದ ಒಂದು ತಿಂಗಳೊಳಗೆ ಅದು ಅಲ್ಲಿಂದ ಹೊರಡಬೇಕು. ಆದರೆ ಸುಂಕವಿಲ್ಲದ ಮಿತಿ ಅದಕ್ಕೆ ಸಿಗುವುದಿಲ್ಲ. ನೀವು ಬಳಸಿದ ಸ್ವಂತ ಬಟ್ಟೆಬರೆಗೆ ಮಾತ್ರ ಉಪಯೋಗ. ಹೊಸ ಸಾಮಾನಿಗೆ ಇದರಿಂದ ಲಾಭ ಇಲ್ಲ.

ಇನ್ನು ನಿಮ್ಮ ಪಟ್ಟಿ.

ಗಾಜಿನ ದೀಪದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಅದು ನಿಮ್ಮ ಮನಸ್ಸಿಗೆ ಹತ್ತಿರದ್ದು. ವೆನಿಸ್‌ನ ಅಂಗಡಿಯವರು ‘ನಾವೇ ಇಂಡಿಯಾಕ್ಕೆ ಕಳಿಸುತ್ತೇವೆ, ಎಲ್ಲ ಸೇರಿದೆ’ ಅನ್ನುತ್ತಾರೆ. ‘ಎಲ್ಲ’ ಅಂದರೆ ಏನು ಎಂದು ಅಲ್ಲೇ ಕೇಳಿ. ಭಾರತದ ಸುಂಕವೂ ಸೇರಿದೆಯೇ, ಇಲ್ಲವೇ ಬಾಗಿಲಿಗೆ ಬಂದಾಗ ನಾವು ಕೊಡಬೇಕೇ? ಸೇರಿದೆ ಎಂದರೆ ಬಿಲ್ಲಿನ ಮೇಲೆ ‘ಡೆಲಿವರ್ಡ್ ಡ್ಯೂಟಿ ಪೇಡ್’ ಅಂತ ಬರೆಸಿ. ಒಡೆದರೆ ಯಾರು ಹೊಣೆ ಅನ್ನುವುದನ್ನೂ ಬರೆಸಿ. ಯಾಕೆಂದರೆ ಹಲವು ಸಾಗಾಟ ಕಂಪನಿಗಳು ಗಾಜು, ಪಿಂಗಾಣಿಯನ್ನು ಹೊತ್ತು ತರುತ್ತವೆ, ಆದರೆ ಒಡೆದರೆ ಪರಿಹಾರ ಕೊಡುವುದಿಲ್ಲ. ನಿಯಮದ ಹಾಳೆಯಲ್ಲಿ ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ.

ತೆರಿಗೆ ವಾಪಸಿನ ಲೆಕ್ಕವೂ ಇದೆ. ಇಟಲಿಯಲ್ಲಿ ಒಂದು ಅಂಗಡಿಯ ಬಿಲ್ 70 ಯೂರೋ ದಾಟಿದರೆ ಯುರೋಪಿನ ಒಕ್ಕೂಟದ ಹೊರಗೆ ವಾಸಿಸುವ ಪ್ರವಾಸಿಗರಿಗೆ ವ್ಯಾಟ್, ಅಂದರೆ ಬೆಲೆಯಲ್ಲೇ ಸೇರಿರುವ ಮಾರಾಟ ತೆರಿಗೆ, ವಾಪಸ್ ಸಿಗುತ್ತದೆ. ಆದರೆ ಸಾಮಾನನ್ನು ನಿಮ್ಮ ಲಗೇಜಿನಲ್ಲೇ ಒಯ್ಯಬೇಕು. ನೀವೇ ಹೋಗಿ ಅಂಚೆಗೆ ಹಾಕಿದರೆ ಆ ವ್ಯಾಟ್ ಹೋಯಿತು. ಬ್ರಿಟನ್ ಆ ಒಕ್ಕೂಟದ ಹೊರಗಿದೆ, ಹಾಗಾಗಿ ಇಟಲಿಯಿಂದ ಮ್ಯಾಂಚೆಸ್ಟರ್‌ಗೆ ಮರಳುವಾಗಲೇ ಇಟಲಿಯ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಕಾಗದ ಮಾಡಿಸಬೇಕು. ಬ್ರಿಟನ್‌ಗೆ ಒಯ್ಯುವ ಸಾಮಾನಿಗೆ ಸುಂಕವಿಲ್ಲದ ಮಿತಿ 390 ಪೌಂಡ್ ಇದೆ, ಅದನ್ನೂ ನೆನಪಿಡಿ.

ಬ್ರಿಟನ್‌ನಲ್ಲಿ ಇದು ಪೂರ್ತಿ ಉಲ್ಟಾ. 2021ರ ಜನವರಿ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಪ್ರವಾಸಿಗರಿಗೆ ವಿಮಾನ ನಿಲ್ದಾಣದಲ್ಲಿ ವ್ಯಾಟ್ ವಾಪಸ್ ಕೊಡುವುದನ್ನು ನಿಲ್ಲಿಸಿದ್ದಾರೆ. ಆದರೆ ಅಂಗಡಿಯವರು ತಾವೇ ನೇರವಾಗಿ ಹೊರದೇಶದ ವಿಳಾಸಕ್ಕೆ ಕಳಿಸಿದರೆ 20 ಶೇಕಡಾ ವ್ಯಾಟ್ ಬಿಡಬಹುದು. ಎಲ್ಲ ಅಂಗಡಿಯವರೂ ಮಾಡುವುದಿಲ್ಲ, ಕೇಳಿ ನೋಡಿ. ದೊಡ್ಡ ಬೆಲೆಯ, ಹೊತ್ತು ತರಲಾಗದ ಸಾಮಾನಿಗೆ ಮಾತ್ರ ಇದು ಲಾಭ.

ದೀಪ ಚಿಕ್ಕದಿದ್ದರೆ ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತನ್ನಿ. ದೊಡ್ಡದಾದರೆ ಅಂಗಡಿಯವರಿಂದಲೇ ಕಳಿಸಿ, ಅವರಿಗೆ ಗಾಜು ಕಟ್ಟುವುದು ಗೊತ್ತು. ನೀವೇ ಕಟ್ಟುವುದಾದರೆ ಡಬ್ಬಿಯೊಳಗೆ ಡಬ್ಬಿ ಇಡಿ. ಎರಡರ ನಡುವೆ ಎಲ್ಲ ಕಡೆ ಐದು ಸೆಂಟಿಮೀಟರ್ ಮೆತ್ತನೆ ತುಂಬಿ. ಒಳಗಿನದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಳೆಗಾಲದಲ್ಲಿ ನಮ್ಮ ಕಡೆ ಬರುವ ಡಬ್ಬಿ ಕೊನೆಯ ದಾರಿಯಲ್ಲಿ ನೆನೆಯುತ್ತದೆ.

ಸ್ಕಾರ್ಫ್ ಹನ್ನೆರಡೂ ಒಂದೇ ಥರದ್ದು ಬೇಡ. ಒಂದೇ ಡಬ್ಬಿಯಲ್ಲಿ ಒಂದೇ ಸಾಮಾನು ಡಜನ್ ಇದ್ದರೆ ವ್ಯಾಪಾರಕ್ಕೆ ತರಿಸಿದ್ದೇ ಎಂಬ ಪ್ರಶ್ನೆ ಬರುತ್ತದೆ. ವ್ಯಾಪಾರದ ಆಮದಿಗೆ ಬೇರೆ ನೋಂದಣಿ ಬೇಕು. ಬೇರೆ ಬೇರೆ ಬಣ್ಣ, ಬೇರೆ ಬೇರೆ ನಮೂನೆ ತಂದು ಇಬ್ಬರ ಸೂಟ್‌ಕೇಸಿನಲ್ಲಿ ಹಂಚಿ.

ಸೆಂಟು ಪಾರ್ಸೆಲ್‌ಗೆ ಬೇಡವೇ ಬೇಡ. ಅದರಲ್ಲಿ ಬೆಂಕಿ ಹತ್ತುವ ಆಲ್ಕೋಹಾಲ್ ಇರುತ್ತದೆ. ಬ್ರಿಟನ್‌ನ ಅಂಚೆಯವರು ಹೊರದೇಶಕ್ಕೆ ಅದನ್ನು ಒಪ್ಪುವುದಿಲ್ಲ. ಸೂಟ್‌ಕೇಸಿನಲ್ಲಿ ತರಬಹುದು, ಒಂದು ಬಾಟಲಿ ಅರ್ಧ ಲೀಟರ್ ಮೀರಬಾರದು, ಒಬ್ಬರಿಗೆ ಒಟ್ಟು ಎರಡು ಲೀಟರ್. ಪವರ್ ಬ್ಯಾಂಕ್ ಕೂಡ ಅಂಚೆಯಲ್ಲಿ ನಡೆಯುವುದಿಲ್ಲ. ಅದು ಕೈಚೀಲದಲ್ಲೇ ಬರಬೇಕು.

ಮದುವೆಯ ಮೊಬೈಲ್ ವಿಷಯದಲ್ಲಿ ಮನೆಯವರು ಯೋಚಿಸದ ಒಂದು ಮಾತು ಇದೆ. ಪಾರ್ಸೆಲ್ ಬಂದರೆ ಸುಂಕ ಕೊಡಬೇಕಾದವರು ಪಡೆಯುವವರು. ಗದಗಿನಲ್ಲಿ ಮದುವೆ ಗದ್ದಲದ ನಡುವೆ ಕೊರಿಯರ್ ಹುಡುಗ ಬಂದು ‘ಇಷ್ಟು ಸಾವಿರ ಕೊಡಿ, ಆಧಾರ್ ತೋರಿಸಿ’ ಅಂದರೆ ಆಯೇರಿ ಕೊಟ್ಟ ಖುಷಿ ಎಲ್ಲಿ ಉಳಿಯುತ್ತದೆ? ಮೊಬೈಲ್ ಜೊತೆಯಲ್ಲೇ ತನ್ನಿ. ಮದುವೆ ನೀವು ಬರುವುದಕ್ಕಿಂತ ಮುಂಚೆ ಇದ್ದರೆ ಮ್ಯಾಂಚೆಸ್ಟರ್‌ನಲ್ಲಿ ಕೂತೇ ಇಲ್ಲಿಯ ಅಂಗಡಿಯಿಂದ ಆನ್‌ಲೈನ್ ತರಿಸಿ ಕೊಡಿಸಿ. ವಾರಂಟಿಯೂ ಇಲ್ಲಿಯದೇ ಸಿಗುತ್ತದೆ.

ಮೊಮ್ಮಗನ ಆಟಿಕೆ ಹಳೆಯದು ಅನ್ನುವ ಕಾರಣಕ್ಕೆ ಪಾರ್ಸೆಲ್‌ನಲ್ಲಿ ಸುಂಕ ತಪ್ಪುವುದಿಲ್ಲ, ಈಗಿನ ಸ್ಥಿತಿಗೆ ತಕ್ಕ ಬೆಲೆ ಕಟ್ಟುತ್ತಾರೆ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ತನ್ನಿ.

ಗುಲಾಬಿ ಕಡ್ಡಿ, ಬೀಜ ಮಾತ್ರ ಬಿಟ್ಟುಬಿಡಿ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗಿಡ, ಕಡ್ಡಿ, ಬೀಜ ತರಲು ಆಮದು ಪರವಾನಗಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಇದು ಬರೀ ಕಾಗದದ ಕಾಟ ಅಲ್ಲ. ಮೆಣಸಿನ ಗಿಡದ ಹೂವು ತಿಂದು ಹಾಕಿದ ಕಪ್ಪು ಥ್ರಿಪ್ಸ್ ನೆನಪಿದೆ ಅಲ್ವಾ? ಅದು ಆಗ್ನೇಯ ಏಷ್ಯಾದ ಕೀಟ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದಲ್ಲಿ. 2021ರ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನಕಾಯಿ ಹೊಲಗಳಿಗೆ ಹಬ್ಬಿತು. ಬ್ಯಾಡಗಿ ಮಾರುಕಟ್ಟೆಯನ್ನೇ ನಂಬಿದ ನಮ್ಮ ಭಾಗದ ರೈತರಿಗೆ ಇಂಥ ಕೀಟ ಅಂದರೆ ಏನು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಊರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಹೂವಿನ ಗಿಡದ ಆಸೆ ಅಲ್ಲಿ ಕೇಳಿ ತೀರಿಸಿಕೊಳ್ಳಿ.

ಇಷ್ಟಾದ ಮೇಲೂ ಒಂದು ಡಬ್ಬಿ ಉಳಿಯಿತು ಎಂದುಕೊಳ್ಳಿ. ಅಂಚೆಯೋ ಕೊರಿಯರೋ? ಕೊರಿಯರ್ ಬೇಗ ಬರುತ್ತದೆ, ಒಂದೇ ಕಂಪನಿ ಬಾಗಿಲವರೆಗೂ ಹೊಣೆ ಹೊರುತ್ತದೆ, ಆದರೆ ದುಬಾರಿ. ಅಂಚೆ ಅಗ್ಗ, ಬ್ರಿಟನ್‌ನ ಅಂಚೆಗೆ ಕೊಟ್ಟದ್ದನ್ನು ಇಲ್ಲಿ ನಮ್ಮ ಅಂಚೆಯವರೇ ತಲುಪಿಸುತ್ತಾರೆ, ಸುಂಕ ಇದ್ದರೆ ಡೆಲಿವರಿ ಹೊತ್ತಿಗೆ ತಗೊಳ್ಳುತ್ತಾರೆ. ಅವಸರ ಇಲ್ಲದ, ಒಡೆಯದ, ಬೆಲೆ ಕಡಿಮೆ ಇರುವ ಸಾಮಾನಿಗೆ ನಾನು ಟ್ರ್ಯಾಕಿಂಗ್ ಇರುವ ಅಂಚೆಯನ್ನೇ ಹೇಳುತ್ತೇನೆ.

ಫಾರಂ ಅನ್ನು ಬಿಡಿಸಿ ಬರೆಯಿರಿ. ಅಂಚೆಯಲ್ಲಿ ಅದಕ್ಕೆ ಸಿಎನ್ 22 ಅಥವಾ ಸಿಎನ್ 23 ಅನ್ನುತ್ತಾರೆ. ‘ಬಟ್ಟೆ, ಗಿಫ್ಟ್’ ಅಂತ ಬರೆದರೆ ತೆರೆದು ನೋಡುವ ಸಾಧ್ಯತೆ ಜಾಸ್ತಿ. ‘ಉಣ್ಣೆಯ ಸ್ಕಾರ್ಫ್, 3, ಹೊಸದು, ಒಂದಕ್ಕೆ ಇಷ್ಟು ಪೌಂಡ್’ ಅಂತ ಇಂಗ್ಲಿಷಿನಲ್ಲಿ ಬರೆದು, ಬಿಲ್ಲಿನ ಒಂದು ಪ್ರತಿ ಹೊರಗೆ, ಒಂದು ಒಳಗೆ ಇಡಿ.

ವಿಳಾಸದಲ್ಲಿ ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಮನೆಯಲ್ಲಿ ಕರೆಯುವ ಹೆಸರು ಒಂದು, ಆಧಾರಿನಲ್ಲಿ ತಂದೆಯ ಹೆಸರು, ಅಡ್ಡಹೆಸರು ಸೇರಿ ಇನ್ನೊಂದು. ಡಬ್ಬಿಯ ಮೇಲೆ ‘ಬಸು ಕಾಕಾ’ ಅಂತ ಇದ್ದರೆ ಕೊರಿಯರ್‌ನವರು ಕೇಳುವ ಗುರುತಿನ ಚೀಟಿಗೆ ತಾಳೆ ಆಗುವುದಿಲ್ಲ, ಡಬ್ಬಿ ಅಲ್ಲೇ ಕೂರುತ್ತದೆ. ಆಧಾರಿನಲ್ಲಿ ಇರುವಂತೆಯೇ ಹೆಸರು, ಪಿನ್‌ಕೋಡ್, ಫೋನ್ ಎತ್ತುವವರ ನಂಬರ್ ಬರೆಯಿರಿ. ನಿಮ್ಮ ಮನೆಯಲ್ಲಿ ಅತ್ತೆಯವರೊಬ್ಬರೇ ಇರುವುದರಿಂದ ನೀವು ಮರಳುವ ಹೊತ್ತಿಗೆ ತಲುಪುವಂತೆ ಕೊನೆಯ ವಾರದಲ್ಲಿ ಕಳಿಸುವುದು ಒಳ್ಳೆಯದು. ಆಗದಿದ್ದರೆ ಓಡಾಡಬಲ್ಲ ಸಂಬಂಧಿಕರ ಹೆಸರಿಗೆ, ಅವರನ್ನು ಕೇಳಿಯೇ ಕಳಿಸಿ.

ಕೊನೆಯದು ಆ ಫೋನು. ನಿಮ್ಮ ಓಣಿಯವರಿಗೆ ಆದದ್ದು ಈಗ ಎಲ್ಲ ಕಡೆ ನಡೆಯುತ್ತಿದೆ. ‘ನಿಮ್ಮ ಹೆಸರಿನಲ್ಲಿ ಲಂಡನ್‌ನಿಂದ ಗಿಫ್ಟ್ ಬಂದಿದೆ, ಕಸ್ಟಮ್ಸ್‌ನಲ್ಲಿ ಹಿಡಿದಿದ್ದಾರೆ, ಈಗಲೇ ದುಡ್ಡು ಹಾಕಿ’ ಅನ್ನುತ್ತಾರೆ. ಅಥವಾ ‘ವಿಳಾಸ ಸರಿ ಇಲ್ಲ, ಈ ಲಿಂಕ್ ಒತ್ತಿ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಮೆಸೇಜ್ ಬರುತ್ತದೆ. ಕಸ್ಟಮ್ಸ್‌ನವರು ಫೋನ್ ಮಾಡಿ ಯಾರದೋ ಖಾತೆಗೆ, ಯುಪಿಐಗೆ ದುಡ್ಡು ಹಾಕಿ ಅನ್ನುವುದಿಲ್ಲ. ಅವರ ಪತ್ರದ ಮೇಲೆ ಡಿಐಎನ್ ಅನ್ನುವ ಗುರುತಿನ ನಂಬರ್ ಇರುತ್ತದೆ, ಅದು ನಿಜವೋ ಸುಳ್ಳೋ ಎಂದು ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿ ಸಿಬಿಐಸಿಯ ವೆಬ್‌ಸೈಟಿನಲ್ಲಿ ನೋಡಬಹುದು. ಅಂಚೆಯ ಟ್ರ್ಯಾಕಿಂಗ್ ನಂಬರಿಗೂ ಒಂದು ರೂಪ ಇದೆ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಕಳಿಸಿದ ದೇಶದ ಎರಡು ಅಕ್ಷರ. ಬ್ರಿಟನ್‌ನಿಂದ ಬಂದದ್ದಾದರೆ ಕೊನೆಯಲ್ಲಿ ‘ಜಿಬಿ’ ಇರುತ್ತದೆ.

ಮ್ಯಾಂಚೆಸ್ಟರ್‌ನಿಂದ ಏನಾದರೂ ಕಳಿಸಿದ ದಿನವೇ ಅತ್ತೆಯವರಿಗೆ ಫೋನ್ ಮಾಡಿ ಟ್ರ್ಯಾಕಿಂಗ್ ನಂಬರಿನ ಕೊನೆಯ ನಾಲ್ಕು ಅಂಕಿ, ಯಾವ ಕಂಪನಿ, ಸುಮಾರು ಎಷ್ಟು ಸುಂಕ ಬರಬಹುದು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ ಇಡಿಸಿ. ಆ ಚೀಟಿಯಲ್ಲಿ ಇಲ್ಲದ ಪಾರ್ಸೆಲ್ ಬಗ್ಗೆ ಯಾರು ಮಾತಾಡಿದರೂ ಫೋನ್ ಇಟ್ಟು ನಿಮಗೆ ಹೇಳಲಿ. ಅಕಸ್ಮಾತ್ ದುಡ್ಡು ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಬ್ಯಾಂಕಿನಲ್ಲಿ ಆ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ. ನಿಮ್ಮ ಓಣಿಯವರು ಇನ್ನೂ ದೂರು ಕೊಟ್ಟಿಲ್ಲ ಎಂದಾದರೆ ಇವತ್ತೇ ಕೊಡಲು ಹೇಳಿ.